ಗೊಣ್ಣೆಯ ಕಥೆ ಮಾಡಲು ಹೋಗಿ

ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುವ ನಾನು, ರೋಗಾಣು ಹರಡುವ ಬಗೆಯನ್ನು ಮಕ್ಕಳಿಗೆ ತಿಳಿಸಲೆಂದು ಡ್ರಾಯಿಂಗ್ ಹಾಳೆಗಳನ್ನು ಹೊಲಿದು ಇದುವರೆಗೆ ಮೂರು ಚಿತ್ರಪುಸ್ತಕಗಳನ್ನು ಮಾಡಿದ್ದೇನೆ. ಅವುಗಳಲ್ಲಿ ಮೊದಲನೆಯದನ್ನು ಈಗ ಬೀರುವಿನಿಂದ ಹೊರಗೆ ತೆಗೆಯುವುದಿಲ್ಲ.

ಅದರ ನಾಯಕ ಸದಾ ಗೊಣ್ಣೆ ಸುರಿಸುವ ಒಬ್ಬ ಹುಡುಗ. ಅವನು ಅಂಗಿಯ ತೋಳಿಗೆ ಮೂಗು ಒರೆಸುವ ಪುಟ ಬಂದಾಗ ಮಕ್ಕಳೆಲ್ಲ ಬಿದ್ದುಬಿದ್ದು ನಕ್ಕರು, ನಾನೂ ಹಿಗ್ಗಿದೆ. ಮರುದಿನ ನೋಡಿದರೆ, ನೆಗಡಿಯಾಗಿದ್ದ ಒಂದು ಮಗುವಿಗೆ ಆ ನಾಯಕನ ಹೆಸರೇ ಅಡ್ಡಹೆಸರಾಗಿ ಅಂಟಿತ್ತು. ಆ ಮಗು ಎರಡು ದಿನ ಶಾಲೆಗೆ ಬರಲಿಲ್ಲ. ತಪ್ಪು ಮಕ್ಕಳದಲ್ಲ, ನಗುವನ್ನು ಯಾರ ಮೇಲೆ ಬೀಳಿಸಬೇಕೆಂದು ಯೋಚಿಸದ ನನ್ನದು.

ಎರಡನೆಯ ಪುಸ್ತಕದಲ್ಲಿ ಪೆದ್ದಿಯಾಗುವವಳು ನನ್ನಂತೆಯೇ ಕನ್ನಡಕ ಧರಿಸಿದ ಒಬ್ಬ ಮಿಸ್. ಅವಳು ಅಂಗೈಗೆ ಸೀನಿ, ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದು, ನಲ್ಲಿ ತಿರುಗಿಸಿ, ಕೊನೆಗೆ ಪೇಪರಿನ ಮೇಲೆ ಸುರಿದ ಖಾರ ಮಂಡಕ್ಕಿಗೆ ಕೈಹಾಕುತ್ತಾಳೆ. ಒಂದೇ ಪೇಪರಿಗೆ ನಾಲ್ಕಾರು ಕೈ ಸೇರುವುದು ನಮ್ಮೂರ ಕಡೆಯ ರೂಢಿಯಾದ್ದರಿಂದ ಇದಕ್ಕಿಂತ ತಕ್ಕ ಉದಾಹರಣೆ ನನಗೆ ಹೊಳೆಯಲಿಲ್ಲ. ಅವಳು ಮುಟ್ಟಿದಲ್ಲೆಲ್ಲ ಒಂದು ಹಸಿರು ಚುಕ್ಕೆ ಉಳಿಯುತ್ತದೆ. ಅದು ಅವಳಿಗೆ ಕಾಣದು, ಓದುವ ಮಕ್ಕಳಿಗೆ ಕಾಣುತ್ತದೆ. ದೊಡ್ಡವರಿಗೆ ತಿಳಿಯದ್ದು ತಮಗೆ ತಿಳಿದಿದೆ ಎಂಬ ಸಂಭ್ರಮದಲ್ಲಿ ಅವರು "ಮಿಸ್, ಕೈ ತೊಳ್ಕಳ್ರಿ!" ಎಂದು ಕೂಗುವಾಗ ನಾನು ಬೇರೆ ಪಾಠ ಹೇಳಬೇಕಾಗಿಯೇ ಇಲ್ಲ.

ಮೊದಲು ಆ ಚುಕ್ಕೆಗೆ ಕಾಲುಗಳನ್ನೂ ಬರೆದಿದ್ದೆ. ಕೆಲವರು ರೋಗಾಣು ಓಡಿಬರುತ್ತದೆಂದು ನೆಲವನ್ನು ಹುಡುಕತೊಡಗಿದ ಮೇಲೆ ಕಾಲುಗಳನ್ನು ಅಳಿಸಿದೆ. ಒಬ್ಬರಿಂದ ಒಬ್ಬರಿಗೆ ಅದನ್ನು ಹೊತ್ತು ತಿರುಗುವವರು ನಾವೇ ಅಲ್ಲವೇ? ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 1000 ಬ್ಯಾಕ್ಟೀರಿಯಾಗಳು ಸಾಲುಗಟ್ಟಬಹುದೆಂಬ ಲೆಕ್ಕ ಆರು ವರ್ಷದ ಮಗುವಿಗೆ ಹತ್ತುವುದಿಲ್ಲ, ಹೇಳಿ ಸೋತಿದ್ದೇನೆ.

ಓದಿದ ಮೇಲೆ ಮಕ್ಕಳ ಅಂಗೈಗೆ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಅರಿಶಿನಪುಡಿ ಉದುರಿಸುತ್ತೇನೆ. ಬರೀ ನೀರಿಗೆ ಅದು ಜಗ್ಗುವುದಿಲ್ಲ; ಸಾಬೂನು ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿಯುವುದರಿಂದ ಪುಡಿ ಎಣ್ಣೆಯೊಡನೆ ಬಹುಪಾಲು ಹರಿದುಹೋಗುತ್ತದೆ. ಬೆರಳ ಸಂದಿಯಲ್ಲಿ ಉಳಿದ ಹಳದಿಯನ್ನು ಅವರೇ ಪತ್ತೆಹಚ್ಚಿ ಮತ್ತೆ ಉಜ್ಜುತ್ತಾರೆ. ಕನಿಷ್ಠ 20 ಸೆಕೆಂಡು ಉಜ್ಜಬೇಕಾದ್ದರಿಂದ ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುವುದೂ ಅಲ್ಲಿಯೇ ಅಭ್ಯಾಸವಾಯಿತು.

ಆದರೆ ನಲ್ಲಿಯ ಬಳಿ ಇಟ್ಟ ಸಾಬೂನು ಪದೇಪದೇ ಮಾಯವಾಗುತ್ತಿತ್ತು. ಮಕ್ಕಳ ಮೇಲೆ ಅನುಮಾನಪಟ್ಟು ನಾನು ಕಾದು ನೋಡಿದಾಗ ಸಿಕ್ಕಿಬಿದ್ದದ್ದು ಒಂದು ಕಾಗೆ. ಈಗ ಸಾಬೂನನ್ನು ಹಳೆಯ ಕಾಲುಚೀಲದೊಳಗೆ ಕಟ್ಟಿ ನಲ್ಲಿಗೆ ತೂಗುಹಾಕಿದ್ದೇವೆ. ಮೂರನೆಯ ಪುಸ್ತಕ ಮಕ್ಕಳ ಒತ್ತಾಯದಿಂದ ಹುಟ್ಟಿದ್ದು, ಆ ಕಾಗೆಯ ಕುರಿತಾದದ್ದು.