ಬೆಳದಿಂಗಳು ಇಲ್ಲದ ಮೊದಲ ಅಧ್ಯಾಯ

ನನ್ನ ಕಾದಂಬರಿ ಬೆಳದಿಂಗಳಲ್ಲಿ ಶುರುವಾಗಿತ್ತು. 1942ರ ಫೆಬ್ರವರಿ 15, ಸಿಂಗಾಪುರ ಜಪಾನೀಯರ ಕೈಸೇರಿದ ರಾತ್ರಿ. ಅಚ್ಚುಮೊಳೆ ಜೋಡಿಸುವ ರಾಮಲಿಂಗಂ ಸೆರಂಗೂನ್ ರೋಡಿನ ಮಹಡಿ ಮೇಲೆ ನಿಂತು, ತಿಂಗಳ ಬೆಳಕಲ್ಲಿ ಖಾಲಿ ಬೀದಿ ನೋಡುತ್ತಾನೆ. ನಾಲ್ಕು ಪುಟ. ಓದಿ ಓದಿ ನನಗೇ ಖುಷಿ.

ಸಿಂಗಾಪುರದಲ್ಲಿರುವ ಗೆಳೆಯರೊಬ್ಬರಿಗೆ ಕಳಿಸಿದೆ. "ಅವತ್ತು ಚೀನೀಯರ ಹೊಸ ವರ್ಷ. ಅದು ಬರುವುದೇ ಅಮಾವಾಸ್ಯೆಗೆ. ನಿಮ್ಮ ಚಂದ್ರ ಎಲ್ಲಿಂದ ಬಂದ ಮಾರಾಯ್ರೆ?" ಅಂದರು.

ಹೌದಲ್ವಾ! ನಮ್ಮ ಲೆಕ್ಕದಲ್ಲೂ ಅದು ಶಿವರಾತ್ರಿ ಆದಮೇಲಿನ ಅಮಾವಾಸ್ಯೆ. ಸಾಲದ್ದಕ್ಕೆ ಎಣ್ಣೆ ಟ್ಯಾಂಕುಗಳು ಉರಿದು ಊರ ಮೇಲೆಲ್ಲ ಕರಿ ಹೊಗೆ. ಆರು ತಿಂಗಳು ಯಾವ ಪಡೆ ಯಾವ ರಸ್ತೆಯಲ್ಲಿತ್ತು ಅಂತ ನಕ್ಷೆ ಬರೆದುಕೊಂಡು ಕೂತಿದ್ದ ನಾನು ಒಂದು ಪಂಚಾಂಗ ತೆಗೆದು ನೋಡಿರಲಿಲ್ಲ.

ಆಮೇಲೆ ಓದುವ ರೀತಿಯೇ ಬದಲಾಯಿತು. ಸೇನಾಧಿಕಾರಿಗಳ ನೆನಪಿನ ಪುಸ್ತಕಗಳನ್ನು ಬದಿಗಿಟ್ಟೆ. ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಪತಿ ಪರ್ಸಿವಲ್ ಜಪಾನಿನ ಸೇನಾಪತಿ ಯಮಾಶಿತಾನ ಎದುರು ಕೂತು ಶರಣಾಗತಿಗೆ ಸಹಿ ಹಾಕಿದ್ದು ನನ್ನ ಕಥೆಯಲ್ಲಿ ಈಗ ಒಂದೇ ಸಾಲು. ರಾಮಲಿಂಗಂಗೆ ಅದು ಗೊತ್ತಾಗುವುದು ರಾತ್ರಿ ಎಂಟೂವರೆಗೆ ಫಿರಂಗಿ ಸದ್ದು ನಿಂತಾಗ.

ಸಿಂಗಾಪುರದ ರಾಷ್ಟ್ರೀಯ ಗ್ರಂಥಾಲಯ ಹಳೇ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಸುದ್ದಿಗಿಂತ ಜಾಹೀರಾತು ಜಾಸ್ತಿ ಓದಿದೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರ 1980ರ ದಶಕದಲ್ಲಿ ಮಾಡಿಸಿದ ಸಂದರ್ಶನಗಳನ್ನೂ ಕೇಳಿದೆ. ನಲವತ್ತು ವರ್ಷ ಆದಮೇಲಿನ ನೆನಪು, ತಾರೀಖು ನಂಬುವ ಹಾಗಿಲ್ಲ. ಆದರೆ ಹೊಟ್ಟೆಯ ನೆನಪು ಗಟ್ಟಿ. ಅಕ್ಕಿ ಸಾಲದೆ ಮರಗೆಣಸು ತಿಂದ ಮಾತು ಬಂದಾಗ ದನಿಯೇ ಬೇರೆಯಾಗುತ್ತದೆ.

ಜಪಾನೀಯರು ಆಗ ಅಲ್ಲಿ ಚಲಾವಣೆಗೆ ತಂದ ನೋಟೊಂದನ್ನು ಬೆಂಗಳೂರಿನ ಹಳೇ ನಾಣ್ಯದ ಅಂಗಡಿಯಲ್ಲಿ ಕೊಂಡೆ. 10 ಡಾಲರಿನದು, ಬಾಳೆಗಿಡದ ಚಿತ್ರ. ಜನ ಇದನ್ನು ಬಾಳೆ ದುಡ್ಡು ಅಂತಲೇ ಕರೆದರು. ಕೈಯಲ್ಲಿ ಹಿಡಿದು ತಿರುಗಿಸಿದಾಗ ಒಂದು ವಿಚಿತ್ರ ಕಂಡಿತು. ನೋಟಿಗೆ ನಂಬರೇ ಇಲ್ಲ! ಎಂ ಅಕ್ಷರದಿಂದ ಶುರುವಾಗುವ ಅಕ್ಷರಗಳಷ್ಟೇ. ಮೊದಮೊದಲು ನಂಬರು ಹಾಕುತ್ತಿದ್ದರು, ಆಮೇಲೆ ಬಿಟ್ಟರು. ಮೊಳೆ ಜೋಡಿಸುವವನ ಕಣ್ಣಿಗೆ ಇದು ಬೀಳದೇ ಇರುತ್ತಾ? ಎಷ್ಟು ಅಚ್ಚು ಹಾಕಿದ್ದೇವೆ ಅಂತ ಲೆಕ್ಕ ಇಡದ ಸರ್ಕಾರ ಇದು ಅನ್ನುವುದು ಅವನಿಗೆ ಆ ಕ್ಷಣ ಹೊಳೆಯುತ್ತದೆ. ಮೂರನೇ ಅಧ್ಯಾಯ ಒಂದೇ ಪಟ್ಟಿಗೆ ಕೂತು ಬರೆದೆ.

ನನ್ನ ಮನಸ್ಸಿನಲ್ಲಿ ಮೊದಲು ರಾಮಲಿಂಗಂ ಮಂಗಳೂರಿನ ಗುಮಾಸ್ತನಾಗಿದ್ದ. ಸುಮ್ನೆ ನನ್ನ ಸಮಾಧಾನಕ್ಕೆ. ಆದರೆ ಅಲ್ಲಿನ ಭಾರತೀಯರಲ್ಲಿ ತಮಿಳರೇ ಹೆಚ್ಚು, ಅವರ ಪತ್ರಿಕೆಗಳೂ ಇದ್ದವು. ಗುಮಾಸ್ತನನ್ನು ತೆಗೆದ ದಿನ ಸ್ವಲ್ಪ ಬೇಜಾರಾಯಿತು ನಿಜ.

ಬರೆಯಲು ಕಷ್ಟವಾಗಿದ್ದು ಪಕ್ಕದ ಮನೆಯ ಚೀನೀ ಹುಡುಗನ ಕಥೆ. ಊರು ಬಿದ್ದ ಮೂರೇ ದಿನಕ್ಕೆ ಚೀನೀ ಗಂಡಸರನ್ನು ತಪಾಸಣೆಗೆ ಕರೆಯಲು ಶುರು ಮಾಡಿದರು. ಸಾವಿರಾರು ಜನ ವಾಪಸು ಬರಲಿಲ್ಲ. ಸಮುದ್ರ ದಂಡೆಯಲ್ಲಿ ನಡೆದ ಕೊಲೆಯನ್ನು ಬರೆದು ಹರಿದು ಹಾಕಿದೆ. ನಾನು ಅದನ್ನು ಚಂದ ಮಾಡುತ್ತಿದ್ದೆ. ಈಗ ಇರುವುದು ಬಾಗಿಲ ಹೊರಗೆ ಉಳಿದ ಅವನ ಚಪ್ಪಲಿ, ಅಷ್ಟೇ. ಫೆಬ್ರವರಿ 17ರಂದು ಫ್ಯಾರರ್ ಪಾರ್ಕಿನಲ್ಲಿ ಬ್ರಿಟಿಷರು ತಮ್ಮ ಪಡೆಯ ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಿದ ಸಂಗತಿ ಇನ್ನೊಂದು ಕಾದಂಬರಿಗೇ ಆಗುವಷ್ಟಿದೆ. ಅದರ ತಂಟೆಗೆ ಹೋಗಲಿಲ್ಲ.

ಕರಡು ಬರೆಯುವಾಗ ಗೊತ್ತಿಲ್ಲದ ಕಡೆ ಚೌಕ ಹಾಕಿ ಮುಂದೆ ಹೋಗುತ್ತಿದ್ದೆ. ಹುಡುಕಲು ಎದ್ದರೆ ಆ ದಿನದ ಬರವಣಿಗೆ ಮುಗಿಯಿತು ಅಂತಲೇ ಅರ್ಥ.

ಅತಿ ಹೆಚ್ಚು ಚೌಕ ಬಿದ್ದಿದ್ದು ಗಡಿಯಾರಕ್ಕೆ. ಜಪಾನೀಯರು ಊರಿಗೆ ಶೋನಾನ್ ಅಂತ ಹೆಸರಿಟ್ಟು, ಗಡಿಯಾರವನ್ನು ಟೋಕಿಯೋ ಸಮಯಕ್ಕೆ ಒಂದೂವರೆ ಗಂಟೆ ಮುಂದೆ ತಳ್ಳಿದರು. ಅಂದರೆ ಆ ಫೆಬ್ರವರಿಯಲ್ಲಿ ಸೂರ್ಯ ಹುಟ್ಟುವುದೇ ಎಂಟು ದಾಟಿದ ಮೇಲೆ. ನಾನೋ ಬೆಳಗ್ಗೆ ಆರಕ್ಕೇ ಹೆಂಚಿನ ಮೇಲೆ ಬಿಸಿಲು ಬೀಳಿಸಿದ್ದೆ! ಎಲ್ಲ ತಿದ್ದಬೇಕಾಯಿತು. ಅಡುಗೆಮನೆಯ ಗಡಿಯಾರವನ್ನು ಮಾತ್ರ ರಾಮಲಿಂಗಂನ ಹೆಂಡತಿ ತಿರುಗಿಸಲು ಬಿಡುವುದಿಲ್ಲ. ಹಾಗಾಗಿ ಹಸ್ತಪ್ರತಿಯ ಅಂಚಿನಲ್ಲಿ ಈಗ ಪ್ರತಿ ದೃಶ್ಯಕ್ಕೂ ಎರಡೆರಡು ಸಮಯ ಬರೆದಿಟ್ಟುಕೊಂಡಿದ್ದೇನೆ, ಅವನದು ಕೆಂಪು ಶಾಯಿಯಲ್ಲಿ, ಅವಳದು ಪೆನ್ಸಿಲಿನಲ್ಲಿ.