ಯುರೋಪಿನಲ್ಲಿ ಪಶುವಿಜ್ಞಾನ: ಅರ್ಜಿ ಸೋಲುವುದು ಉದ್ದೇಶಪತ್ರದಲ್ಲೇ

ನೆದರ್ಲೆಂಡ್ಸ್‌ನ ವಾಗನಿಂಗೆನ್ ವಿಶ್ವವಿದ್ಯಾಲಯದ ಪಶುವಿಜ್ಞಾನ ಎಂಎಸ್ಸಿಗೆ ಅರ್ಜಿ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ: ಈ ಪದವಿ ಇಟ್ಟುಕೊಂಡು ಅಲ್ಲಿ ದನಕ್ಕೆ ಚಿಕಿತ್ಸೆ ಕೊಡುವಂತಿಲ್ಲ. ಆ ದೇಶದಲ್ಲಿ ಪಶುವೈದ್ಯ ಪದವಿ ಇರುವುದು ಉಟ್ರೆಕ್ಟ್‌ನಲ್ಲಿ ಮಾತ್ರ. ವಾಗನಿಂಗೆನ್‌ನಲ್ಲಿ ಕಲಿಸುವುದು ಮೇವು, ತಳಿ, ಪ್ರಾಣಿಗಳ ವರ್ತನೆ, ಸಾಕಣೆ ವ್ಯವಸ್ಥೆ. ಬಿವಿಎಸ್ಸಿ (ನಮ್ಮ ಪಶುವೈದ್ಯ ಪದವಿ) ಮುಗಿಸಿದ ಎಷ್ಟೋ ಮಂದಿಗೆ ಈ ವ್ಯತ್ಯಾಸ ಗೊತ್ತಾಗುವುದು ವಿಮಾನ ಹತ್ತಿದ ಮೇಲೆ.

ಓದು ಎರಡು ವರ್ಷ, ಒಟ್ಟು 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 28 ಗಂಟೆ ಕೆಲಸ. ಸಾಮಾನ್ಯವಾಗಿ ಥೀಸಿಸ್‌ಗೆ 36, ಇಂಟರ್ನ್‌ಶಿಪ್‌ಗೆ 24 ಹೋಗುತ್ತದೆ. ಅಲ್ಲಿಗೆ ಅರ್ಧ ಪದವಿ ಮುಗಿಯಿತು. ಹಾಗಾಗಿ ಪಾಠಗಳ ಪಟ್ಟಿ ನೋಡಿ ಮರುಳಾಗದೆ, ಯಾವ ಸಂಶೋಧನಾ ಗುಂಪಿನಲ್ಲಿ ಥೀಸಿಸ್ ಮಾಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ.

ದಾಖಲೆ ಜೋಡಿಸುವುದು ಸುಲಭ: ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಪಾಸ್‌ಪೋರ್ಟ್. ನಮ್ಮ ಕ್ರೆಡಿಟ್‌ಗಳನ್ನು ಯುರೋಪಿನ ಲೆಕ್ಕಕ್ಕೆ ನೀವೇ ಪರಿವರ್ತಿಸಲು ಹೋಗಬೇಡಿ. ವಿಶ್ವವಿದ್ಯಾಲಯ ಕೊಟ್ಟ ಅಂಕಪಟ್ಟಿ, ಅದರ ಹಿಂದೆ ಅಚ್ಚಾದ ಶ್ರೇಣಿ ವಿವರಣೆ ಎರಡನ್ನೂ ಸ್ಕ್ಯಾನ್ ಮಾಡಿ. ಹಿಂಬದಿಯ ಪುಟ ಬಿಟ್ಟು ಕಳಿಸುವವರೇ ಹೆಚ್ಚು.

ಎಡವುವುದು ಉದ್ದೇಶಪತ್ರದಲ್ಲಿ, ಅಂದರೆ ಈ ಓದು ನಿಮಗೇಕೆ ಬೇಕು ಎಂದು ಬರೆಯುವ ಪತ್ರದಲ್ಲಿ. ‘ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳೆಂದರೆ ಪ್ರೀತಿ’ ಎಂಬ ಸಾಲಿದ್ದರೆ ಅಳಿಸಿ. ಕನ್ಸಲ್ಟೆನ್ಸಿಗಳು ಮಾರುವ ಸಿದ್ಧ ಪತ್ರವಂತೂ ದುಡ್ಡು ದಂಡ. ಹೆಸರು ಬದಲಿಸಿದರೆ ಕಂಪ್ಯೂಟರ್ ಸೈನ್ಸಿಗೂ ಹೊಂದುತ್ತದೆ. ಪತ್ರದಲ್ಲಿ ಒಂದೇ ಒಂದು ಸಮಸ್ಯೆ ಇರಲಿ, ಅದರ ಲೆಕ್ಕ ನಿಮಗೆ ಬಾಯಿಗೆ ಬರಲಿ.

ಉದಾಹರಣೆಗೆ ಸಾರಜನಕ. ಡಚ್ಚರಿಗೆ ಕೊಟ್ಟಿಗೆಯಿಂದ ಏಳುವ ಅಮೋನಿಯ ದೊಡ್ಡ ತಲೆನೋವು. ದಿನಕ್ಕೆ 20 ಕೆ.ಜಿ. ಒಣಪದಾರ್ಥ (ನೀರಿನಂಶ ಕಳೆದ ಮೇವಿನ ತೂಕ) ತಿನ್ನುವ ಹಸುವಿನ ಮೇವಿನಲ್ಲಿ ಶೇ 16 ಪ್ರೋಟೀನ್ ಇದ್ದರೆ 3.2 ಕೆ.ಜಿ. ಆಯಿತು. ಪ್ರೋಟೀನಿನಿಂದ ಸಾರಜನಕ ಲೆಕ್ಕ ಹಾಕುವ ಭಾಜಕ 6.25, ಅದರಿಂದ ಭಾಗಿಸಿದರೆ 512 ಗ್ರಾಂ ಸಾರಜನಕ. ಅದು ಕೊಡುವ 30 ಕೆ.ಜಿ. ಹಾಲಿನಲ್ಲಿ ಶೇ 3.4 ಪ್ರೋಟೀನ್ ಎಂದರೆ 1.02 ಕೆ.ಜಿ. ಹಾಲಿಗೆ ಭಾಜಕ 6.38 (ಇಲ್ಲೂ 6.25 ಬಳಸಿದರೆ ಓದುವವರ ಕಣ್ಣಿಗೆ ಬೀಳುತ್ತದೆ), ಬರುವುದು 160 ಗ್ರಾಂ. ಉಳಿದ 350 ಗ್ರಾಂ ಹೆಚ್ಚುಕಡಿಮೆ ಪೂರ್ತಿ ಸಗಣಿ, ಗಂಜಲದ ಪಾಲು. ಗಂಜಲದ ಯೂರಿಯಾ ಸಗಣಿಯಲ್ಲಿರುವ ಯೂರಿಯೇಸ್ ಕಿಣ್ವಕ್ಕೆ ಸಿಕ್ಕಾಗ ಅಮೋನಿಯ ಏಳುತ್ತದೆ. ಪ್ರೋಟೀನ್ ಅತಿಯಾದರೆ ಹಾಲಿನಲ್ಲೂ ಯೂರಿಯಾ ಏರುವುದರಿಂದ ಹಾಲಿನ ಮಾದರಿಯೇ ಸುಳಿವು ಕೊಡುತ್ತದೆ.

ಇಷ್ಟನ್ನು ನಾಲ್ಕು ಸಾಲಿಗೆ ಇಳಿಸಿ, ಆಮೇಲೆ ನಿಮ್ಮ ಪ್ರಶ್ನೆ ಇಡಿ: ರಾಗಿ ಹುಲ್ಲಿನ ಜೊತೆ ಹಿಂಡಿ ತಿನ್ನುವ ಮಿಶ್ರತಳಿ ಹಸುವಿನಲ್ಲಿ ಹಾಲಿನ ಯೂರಿಯಾ ಇದೇ ರೀತಿ ಸುಳಿವು ಕೊಡುತ್ತದೆಯೇ? ಇದು ಮೇವಿನ ಗುಂಪಿಗೆ ಸೇರುವ ಪ್ರಶ್ನೆ. ಇದೇ ಪತ್ರದಲ್ಲಿ ತಳಿ, ಕೋಳಿ, ಮೀನು ಎಲ್ಲವನ್ನೂ ತುರುಕಿದರೆ ಕೆಡುತ್ತದೆ. ಒಂದು ಪುಟ ಸಾಕು.

ಸಂಖ್ಯಾಶಾಸ್ತ್ರ ನಿಮ್ಮ ಅಂಕಪಟ್ಟಿಯಲ್ಲಿ ಸೊರಗಿದ್ದರೆ ಮುಚ್ಚಿಡಬೇಡಿ. ಸಂಖ್ಯಾಶಾಸ್ತ್ರದ ‘ಆರ್’ ತಂತ್ರಾಂಶ ಉಚಿತ. ಹೊರಡುವ ಮೊದಲೇ ಒಂದು ‘ಮಿಕ್ಸೆಡ್ ಮಾಡೆಲ್’ (ಒಂದೇ ಪ್ರಾಣಿಯಿಂದ ಪಡೆದ ಹಲವು ಅಳತೆಗಳನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವ ವಿಧಾನ) ಆದರೂ ಅದರಲ್ಲಿ ಓಡಿಸಿ ಕಲಿಯಿರಿ. ಒಂದೇ ಹಸುವಿನಿಂದ ಹತ್ತು ದಿನ ತೆಗೆದ ಹಾಲಿನ ಮಾದರಿಯನ್ನು ಹತ್ತು ಹಸುಗಳೆಂದು ಎಣಿಸುವ ತಪ್ಪು ಥೀಸಿಸ್‌ನಲ್ಲಿ ಕ್ಷಮೆ ಕಾಣುವುದಿಲ್ಲ.

ದುಡ್ಡಿನ ಮಾತು: ಯುರೋಪಿನ ಹೊರಗಿನವರಿಗೆ ಶುಲ್ಕ ವರ್ಷಕ್ಕೆ ಸುಮಾರು 20 ಸಾವಿರ ಯೂರೊ. ನೆದರ್ಲೆಂಡ್ಸ್‌ನ ‘ಎನ್‌ಎಲ್ ಸ್ಕಾಲರ್‌ಶಿಪ್’ 5 ಸಾವಿರ ಯೂರೊ, ಅದೂ ಮೊದಲ ವರ್ಷಕ್ಕೆ ಮಾತ್ರ. ಅದನ್ನೇ ನಂಬಿ ಸಾಲದ ಲೆಕ್ಕ ಹಾಕಬೇಡಿ. ತಳಿಶಾಸ್ತ್ರವೇ ಗುರಿಯಾದವರು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ನೆರವಿನ ಜಂಟಿ ಪದವಿಗಳನ್ನೂ ನೋಡಲಿ.

ವೀಸಾ ಅರ್ಜಿಯನ್ನು ನಿಮ್ಮ ಪರವಾಗಿ ವಿಶ್ವವಿದ್ಯಾಲಯವೇ ಹಾಕುತ್ತದೆ. ಏಜೆಂಟರಿಗೆ ಪ್ರತ್ಯೇಕ ಹಣ ಕೊಡಬೇಕಿಲ್ಲ. ಜನನ ಪ್ರಮಾಣಪತ್ರಕ್ಕೆ ಮಾತ್ರ ಇಲ್ಲಿಂದಲೇ ಅಪೋಸ್ಟೈಲ್ ಮುದ್ರೆ (ದಾಖಲೆ ವಿದೇಶದಲ್ಲಿ ಮಾನ್ಯವಾಗಲು ಬೇಕಾದ ಸರ್ಕಾರಿ ಮುದ್ರೆ) ಹಾಕಿಸಿಕೊಂಡು ಹೋಗಿ. ಅಲ್ಲಿನ ಪುರಸಭೆಯಲ್ಲಿ ಹೆಸರು ನೋಂದಾಯಿಸುವಾಗ ಕೇಳುತ್ತಾರೆ. ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ, ಅಥವಾ ಇನಿಷಿಯಲ್ ಪಾಸ್‌ಪೋರ್ಟಿಗೆ ಹೊಂದದಿದ್ದರೆ, ಮುದ್ರೆಗೆ ಕೊಡುವ ಮೊದಲೇ ತಿದ್ದಿಸಿ.