ಪಹಣಿಯ 9ನೇ ಕಾಲಂ ಮತ್ತು ಅಮ್ಮನ ಎರಡು ಸಾವಿರ

ಅಪ್ಪ 2022ರಲ್ಲಿ ತೀರಿಕೊಂಡರು. ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ದುಡ್ಡು ಅವರಿಗೆ ಬರುತ್ತಿತ್ತು, ಅದನ್ನು ಅಮ್ಮನಿಗೆ ಬರುವ ಹಾಗೆ ಮಾಡಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಇಷ್ಟಕ್ಕೆ ಇಷ್ಟೊಂದು ಓಡಾಟ ಯಾಕೆ ಅನಿಸಬಹುದು. ಆದರೆ ತುಮಕೂರು ಜಿಲ್ಲೆಯ ನಮ್ಮಂಥ ಮಳೆ ನಂಬಿದ ರಾಗಿ ಹೊಲದವರಿಗೆ ಬಿತ್ತನೆ ಹೊತ್ತಲ್ಲಿ ಬರುವ ಎರಡು ಸಾವಿರ ಅಂದರೆ ಗೊಬ್ಬರದ ದುಡ್ಡು.

ಜಮೀನಿನ ದಾಖಲೆಯಾದ ಪಹಣಿಯಲ್ಲಿ 9ನೇ ಕಾಲಂ ಅಂದರೆ ಮಾಲೀಕರ ಹೆಸರಿನ ಜಾಗ, ಅಲ್ಲಿ ಹೆಸರಿದ್ದವರಿಗೆ ಮಾತ್ರ ಈ ದುಡ್ಡು. ಹಾಗಾಗಿ ಮೊದಲು ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಹಿಡಿದು ನಾಡಕಚೇರಿಗೆ ಹೋದೆವು. ಅಮ್ಮ, ಅಕ್ಕ, ನಾನು, ಮೂವರ ಹೆಸರೂ ಜಂಟಿಯಾಗಿ ಬಂತು. ನಾನು ಆದಾಯ ತೆರಿಗೆ ಕಟ್ಟುವವನು, ನನಗೆ ಇದು ಬರುವುದಿಲ್ಲ, ಬರಲೂಬಾರದು. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೂ ಇಲ್ಲ. ಆದರೆ ಮನೆ ಯಜಮಾನರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಾದರೆ ಉಂಟು. ಇದು ಗೊತ್ತಿಲ್ಲದೆ ನಮ್ಮೂರಲ್ಲೇ ಕೆಲವರು ಅರ್ಜಿ ಹಾಕದೆ ಸುಮ್ನೆ ಕೂತಿದ್ದರು.

ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಜಮೀನಿನ ವಿವರ ಸೇರಿಸಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಮಾಡಿಸಿದೆವು. ಇಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮದು ಎರಡು ಸರ್ವೆ ನಂಬರ್, ಅದಕ್ಕೆ ಸೇರಿದ್ದು ಒಂದೇ. ನಾನು ನೋಡಲಿಲ್ಲ. 2024ರಲ್ಲಿ ಬರ ಪರಿಹಾರ ಬಂದಾಗ ಗೊತ್ತಾಯಿತು: ಮಳೆ ನಂಬಿದ ಖುಷ್ಕಿ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ ಲೆಕ್ಕ, ನಮಗೆ ಬಂದಿದ್ದು ಒಂದು ತುಂಡಿಗೆ ಮಾತ್ರ. ದಯವಿಟ್ಟು ನಿಮ್ಮ ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಇದೆಯಾ ಅಂತ ಇವತ್ತೇ ನೋಡಿ.

ಜಾಸ್ತಿ ಕಷ್ಟವಾಗಿದ್ದು ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು. ಅಮ್ಮ ಪ್ರತಿ ಬೇಸಿಗೆ ಹುಣಸೆಹಣ್ಣು ಬಿಡಿಸುವವರು, ಬೆರಳಿನ ಗೆರೆ ಸವೆದೇಹೋಗಿದೆ. ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟರು, ಆಗಲಿಲ್ಲ. ಸೆರಗಲ್ಲಿ ಒರೆಸಿ ಇಟ್ಟರು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹತ್ತೂ ಬೆರಳು ಮುಗಿದ ಮೇಲೆ ಹಿಂದಿದ್ದವರಿಗೆ ಜಾಗ ಬಿಟ್ಟು ಬಂದು ಮೂಲೆಯಲ್ಲಿ ನಿಂತುಬಿಟ್ಟರು. ಪುಣ್ಯಕ್ಕೆ 2023ರಲ್ಲಿ ಪಿಎಂ ಕಿಸಾನ್ ಆಪ್‌ನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂತು. ಮನೆ ಜಗಲಿ ಮೇಲೆ ಕೂರಿಸಿ ನನ್ನ ಫೋನಿನಲ್ಲೇ ಮಾಡಿದೆ.

ಅಷ್ಟಾದರೂ ಪಾಸ್‌ಬುಕ್‌ನಲ್ಲಿ ದುಡ್ಡಿಲ್ಲ. ಸ್ಟೇಟಸ್ ನೋಡಿದರೆ ಜಮಾ ಆಗಿದೆ ಅಂತ ಇದೆ! ದುಡ್ಡು ಹೋಗಿದ್ದು, ಹಿಂದೆ ಸಂಘದ ಸಾಲಕ್ಕೆ ಅಂತ ತೆರೆದಿದ್ದ ಇನ್ನೊಂದು ಬ್ಯಾಂಕಿನ ಖಾತೆಗೆ. ನಾವು ಅರ್ಜಿಯಲ್ಲಿ ಯಾವ ನಂಬರ್ ಬರೆದರೂ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೇ ಅದು ಹೋಗುವುದು.

ಈಗ ಅಮ್ಮನಿಗೆ ಬರುತ್ತಿದೆ. ನನಗೆ ಸಮಾಧಾನವಿಲ್ಲ. ಎರಡನೇ ಹೊಲವನ್ನು ಹತ್ತು ವರ್ಷದಿಂದ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಹಂಚಿಕೊಳ್ಳುವ ಮಾತಿನ ಮೇಲೆ, ಮಾಡುತ್ತಿರುವುದು ಎದುರು ಮನೆ ಅಣ್ಣ. ಬಿತ್ತುವುದು, ಕಳೆ ತೆಗೆಯುವುದು, ರಾತ್ರಿ ಹಂದಿ ಕಾಯುವುದು ಎಲ್ಲ ಅವರೇ. ಕಂತೂ ಇಲ್ಲ, ಪರಿಹಾರವೂ ಇಲ್ಲ. ಅವರ ಪಾಲಿನ ರಾಗಿಯನ್ನು ಬೆಂಬಲ ಬೆಲೆಗೆ ಮಾರಬೇಕಾದರೂ ಎಫ್‌ಐಡಿ ಬೇಕು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರಿಗೆ ಜಾಗ ಇದೆಯಲ್ವಾ, ಅಲ್ಲಿ ಅವರ ಹೆಸರು ಹಾಕಿಸೋಣ ಅಂದೆ. ಅಮ್ಮ ಹೆದರಿದರು. "ಬೇಡ ಕಣಪ್ಪಾ, ಆಗ ನಿಮ್ಮ ತಾತನ ಕಾಲದಲ್ಲಿ ಹಂಗೇ ಅಲ್ವಾ ಜಮೀನು ಹೋಗಿದ್ದು." ಗೇಣಿಗೆ ಮಾಡುತ್ತಿದ್ದವರಿಗೇ ಹೊಲ ಕೊಟ್ಟ 1974ರ ಭೂ ಸುಧಾರಣೆಯ ನೆನಪು ಅದು. ಉಳುವವನಿಗೆ ಭೂಮಿ ಸಿಕ್ಕಿದ್ದು ಸರಿಯೇ. ಆದರೆ ಅಂದಿನಿಂದ ಗುತ್ತಿಗೆ, ವಾರ ಎಲ್ಲ ಬಾಯಿಮಾತಲ್ಲೇ ಉಳಿದುಬಿಟ್ಟಿತು, ಬಾಯಿಮಾತಿನ ರೈತರಿಗೆ ಯಾವ ಕಂಪ್ಯೂಟರೂ ದುಡ್ಡು ಹಾಕುವುದಿಲ್ಲ.

ಅಮ್ಮನ ಜೊತೆ ಜಗಳವಾಡಲಿಲ್ಲ. ಎರಡನೇ ಹೊಲದ ಪರಿಹಾರ ಏನೇ ಬಂದರೂ ಅರ್ಧ ಅಣ್ಣನಿಗೆ ಅಂತ ಮಾತಾಯಿತು. ಕಳೆದ ಕಂತಿನಲ್ಲೂ ಅಮ್ಮ ಐನೂರು ರೂಪಾಯಿ ಮಡಚಿ ಅವರ ಹೆಂಡತಿ ಕೈಗೆ ಕೊಟ್ಟು ಬಂದರು.